‘ನಾಳೆ’ಯ ಳೆ

ನಾನು ಒಂದು ಅಚ್ಚಿನ ಮೊಳೆ. ಸೀಸದ ಮೈ, ತಲೆಯ ಮೇಲೆ ಉಲ್ಟಾ ಕೊರೆದ ಒಂದೇ ಅಕ್ಷರ: ‘ಳೆ’. ನಗಬೇಡಿ. ನಾನಿಲ್ಲದೆ ಈ ನಾಡಿಗೆ ಮಳೆ ಇಲ್ಲ, ಬೆಳೆ ಇಲ್ಲ, ಹೆಂಗಸರ ಕೈಗೆ ಬಳೆ ಇಲ್ಲ. ‘ಮೊಳೆ’ ಎಂಬ ನಮ್ಮ ಕುಲದ ಹೆಸರಿನಲ್ಲೂ ಕೂತವನು ನಾನೇ. ನಾನು ಎರಕದಿಂದ ಬಿದ್ದಾಗ ಕುಲುಮೆ ಮೂರು ದಿನ ಆರಲಿಲ್ಲ. ಎರಕ ಹೊಯ್ದವನ ಹುಬ್ಬು ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲ. ಅಷ್ಟು ದೊಡ್ಡ ‘ಳೆ’ಯನ್ನು ಇನ್ನೊಮ್ಮೆ ಹೊಯ್ಯುವ ಧೈರ್ಯ ಯಾರಿಗೂ ಬರಲಿಲ್ಲ. ಅಚ್ಚು ಒಡೆದಿತ್ತು ಎಂದು ಎರಕದವರು ಹೇಳುತ್ತಾರೆ, ಹೇಳಲಿ.

ನನ್ನನ್ನು ಕೊಂಡವರು ಕೆಂಚನಗಟ್ಟಿಯ ಅಡಿವೆಪ್ಪ ಮಾಸ್ತರರು. ಶಾಲೆಯ ನೌಕರಿ ಬಿಟ್ಟು ವಾರಪತ್ರಿಕೆ ಹೂಡಿದ್ದರು. ಅದರ ಹೆಸರು ‘ನಾಳೆ’. ಪತ್ರಿಕೆಯ ಹಣೆಯ ಮೇಲೆ ‘ನಾ’ ಮತ್ತು ನಾನು, ಗಂಡಹೆಂಡಿರಂತೆ ಒತ್ತಿಕೊಂಡು ಕೂತೆವು. ಸೂರ್ಯ ನಮ್ಮನ್ನು ಓದಿಯೇ ಮೇಲೇಳುತ್ತಿದ್ದ. ಊರಿನವರಿಗೋ ದಿನಾ ಅದೇ ಕುಚೋದ್ಯ.

“ಮಾಸ್ತರ, ಇವತ್ತಿನ ‘ನಾಳೆ’ ಎಲ್ಲೈತ್ರೀ?”

“ಇವತ್ತಿಂದು ನಾಳೆ ಬರತೈತಿ.”

“ಹಂಗಾರ ನಿನ್ನಿ ‘ನಾಳೆ’ನರ ಕೊಡ್ರೆಲಾ!”

ಮೊಳೆ ಜೋಡಿಸುವವನು ದಾವಲಸಾಬ. ಅವನ ಬೆರಳುಗಳಿಗೆ ಕಣ್ಣಿದ್ದವು. ಅವನಿಗೆ ಇದ್ದ ಕಷ್ಟ ಒಂದೇ: ದೊಡ್ಡ ‘ಳೆ’ ನಾನೊಬ್ಬನೇ, ನಾನು ಸದಾ ಹೆಸರಿನಲ್ಲಿ ಬಂದಿ. ಹೀಗಾಗಿ ದೊಡ್ಡಕ್ಷರದ ತಲೆಬರಹದಲ್ಲಿ ‘ಳೆ’ ಬರುವಂತಿರಲಿಲ್ಲ. ಮಳೆ ಸುರಿದರೆ ‘ವರುಣನ ಕೃಪೆ’, ಬೆಳೆ ಒಣಗಿದರೆ ‘ಪೈರಿಗೆ ಹಾನಿ’. ಇಡೀ ಊರಿನ ಕನ್ನಡ ನನ್ನನ್ನು ಕೇಳಿ ನಡೆಯುತ್ತಿತ್ತು. ನನ್ನ ಸೊಕ್ಕು ಸೂರು ಮುಟ್ಟಿತ್ತು.

ಒಂದು ಬೇಸಿಗೆ ಕುಡಿಯುವ ನೀರಿನ ಕೆರೆಗೆ ಗಟಾರ ಸೇರಿತು. ಮಾಸ್ತರರು ಸುದ್ದಿ ಬರೆದು, ನೀರನ್ನು ಕುದಿಸಿ ಕುಡಿಯಿರೆಂದು ಕೊನೆಗೆ ಸೇರಿಸಿದರು. ತಲೆಬರಹಕ್ಕೆ ಬಂದಾಗ ದಾವಲಸಾಬನ ಕೈ ನಿಂತಿತು.

“ಮಾಸ್ತರ, ‘ಕೆರೆಯ ನೀರಲ್ಲಿ ಕೊಳೆ’ ಅನ್ನೂಣ್ರಿ. ಮಂದಿಗೆ ತಿಳಿಯೂದು ಅದ. ಇದೊಂದ ವಾರ ಹೆಸರಿನ್ಯಾಗಿಂದು ಕಿತ್ತು ಕೆಳಗ ಹಾಕ್ತೇನಿ.”

“ಬಾಜೂಕಿನ ‘ಲೆ’ ಹಾಕಿಬಿಡು.”

“‘ಲೆ’ ಹಾಕಿದರ ಕೊಲೆ ಆಕ್ಕೈತ್ರೀ!”

ಇಬ್ಬರೂ ನಕ್ಕರು. ಆಮೇಲೆ ಮಾಸ್ತರರು ತಲೆಯಾಡಿಸಿದರು. “ಹೆಸರಿಗೆ ಕೈ ಹಚ್ಚಬ್ಯಾಡೋ ದಾವಲಸಾಬ. ಬರೇ ‘ನಾ’ ಅಂತ ಪೇಪರ ತರ್ಲೇನು? ‘ಅಶುದ್ಧ’ ಅಂತ ಜೋಡಸು. ಗಂಭೀರ ಕಾಣತೈತಿ.”

ನನ್ನನ್ನು ಅಲ್ಲಾಡಿಸಲಿಲ್ಲವೆಂದು ನಾನು ಹಿಗ್ಗಿ ಆನೆಯಾದೆ. ‘ಕೆರೆಯ ನೀರು ಅಶುದ್ಧ’ ಎಂದು ಪತ್ರಿಕೆ ಹೊರಟಿತು. ಅದರ ಒಂದು ಪ್ರತಿ ಹಿಡಿದು ಮಾಸ್ತರರು ಜಿಲ್ಲೆಯ ಸಾಹೇಬರನ್ನು ಕಾಣಲು ಅಂದೇ ಬಸ್ಸು ಹತ್ತಿದರು.

ಪತ್ರಿಕೆ ಮಡಚುತ್ತಿದ್ದವಳು ಅವರ ಹೆಂಡತಿ ನೀಲವ್ವ. ಕೂಡಿಸಿ ಕೂಡಿಸಿ ದೊಡ್ಡಕ್ಷರವನ್ನಷ್ಟೇ ಓದುತ್ತಿದ್ದಳು. ಪಕ್ಕದ ಮನೆಯ ಗುರುಬಸವ್ವನನ್ನು ಕರೆದು, “ಕೆರಿಗೆ ಮೈಲಿಗಿ ಆಗೇತಂತ ನೋಡವಾ” ಎಂದಳು. ಕೊಡ ಬೆಳಗಿ ಹೊರಗೆಲ್ಲ ವಿಭೂತಿ ಹಚ್ಚಿದಳು. ನೀರಿಗೊಂದು ಚಿಟಿಕೆ ಹಾಕಿ, ಕೈಮುಗಿದು ಕುಡಿದಳು. ಓಣಿಯವರೆಲ್ಲ ಹಾಗೇ ಮಾಡಿದರು.

ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಅರ್ಧ ಕಳೆದು ನಂಬಿರಿ. ಮುಂದಿನದೊಂದನ್ನು ಮಾತ್ರ ಇದ್ದ ಹಾಗೇ ನಂಬಿರಿ. ನಾಲ್ಕು ದಿನಗಳಲ್ಲಿ ವಾಂತಿಭೇದಿಗೆ ಹನ್ನೊಂದು ಜನ ಹೋದರು. ಎಂಟನೆಯವಳು ನೀಲವ್ವ.

ಮಾಸ್ತರರು ಬಂದಾಗ ಗುರುಬಸವ್ವ ಹೊಸ್ತಿಲಲ್ಲೇ ಅತ್ತಳು. “ನೀ ಬರದದ್ದನ್ನ ಮಾಡಿದ್ಳೋ ಯಪ್ಪಾ. ಶುದ್ಧ ಮಾಡೇ ಕುಡದ್ಳು.”

ಮಣ್ಣು ಮಾಡಿದ ಮರುದಿನ ಅವರು ಅಚ್ಚುಕೂಟಕ್ಕೆ ಬಂದರು. ಚೌಕಟ್ಟಿನ ಬಿಗಿ ಸಡಿಲಿಸಿ ಹೆಸರಿನಿಂದ ನನ್ನನ್ನು ತಾವೇ ಕಿತ್ತರು. ನಾನು ಎರಡು ಸಲ ನೆಲಕ್ಕೆ ಬಿದ್ದೆ, ಎರಡು ಸಲವೂ ಅವರೇ ಬಗ್ಗಿ ಎತ್ತಿಕೊಂಡರು. ಕೆಳಗಿನ ತಲೆಬರಹದ ಸಾಲಿನಲ್ಲಿ ‘ಕೊ’ದ ಪಕ್ಕ ನನ್ನನ್ನು ಕೂಡಿಸಿ ಅಂದರು: “ಇದನ್ನ ತಿರುಗಿ ಮ್ಯಾಲೆ ಹಾಕಬ್ಯಾಡ, ದಾವಲಸಾಬ. ಇನ್ನ ಇದು ಮಂದಿಗೆ.”

ಅಂದಿನಿಂದ ಪತ್ರಿಕೆಯ ಹಣೆಯ ಮೇಲೆ ಬರೀ ‘ನಾ’, ಅದರ ಪಕ್ಕ ಬಿಳಿ ಜಾಗ. ಪರವೂರಿನವರು “ಎಂಥಾ ಸೊಕ್ಕಿನ ಪತ್ರಿಕಿರೀ ಇದು, ‘ನಾ’ ಅಂತ ಹೆಸರು!” ಎಂದು ನಗುತ್ತಿದ್ದರು. ನಮ್ಮೂರಿನವರು ನಗುತ್ತಿರಲಿಲ್ಲ. ನಿನ್ನಿ ‘ನಾಳೆ’ ಕೊಡ್ರೀ ಎಂದು ಮತ್ತೆ ಯಾರೂ ಕೇಳಲಿಲ್ಲ. ನಾನು ಕೆಳಗೆ ಕೂತು ಮಳೆ ಅಂದೆ, ಬೆಳೆ ಅಂದೆ, ಇಪ್ಪತ್ತು ವರ್ಷ ದುಡಿದೆ.

ಆಮೇಲೆ ಕಂಪ್ಯೂಟರು ಬಂತು, ಪತ್ರಿಕೆ ನಿಂತಿತು. ನನ್ನ ಬಂಧುಬಳಗವೆಲ್ಲ ಗೋಣಿಚೀಲ ಸೇರಿ ಗುಜರಿಗೆ ಹೋಯಿತು. ದಾವಲಸಾಬ ಚೀಲಕ್ಕೆ ಕೈಹಾಕಿ, ನೋಡದೆಯೇ ಇಬ್ಬರನ್ನು ಹೊರತೆಗೆದ: ‘ನಾ’ ಮತ್ತು ನಾನು. ಮಾಸ್ತರರು ತೀರಿಕೊಂಡಾಗ ಅವನು ಮಣ್ಣಿಗೆ ಹೋಗಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ತನ್ನ ಹಿಡಿಯೊಳಗೆ ‘ನಾ’ವನ್ನೂ ಇಟ್ಟು ಬಿಟ್ಟ.

ಈಗ ನಾನು ಅವನ ತಂಬಾಕಿನ ಡಬ್ಬಿಯಲ್ಲಿದ್ದೇನೆ. ಇಷ್ಟೆಲ್ಲ ಕೊಚ್ಚಿಕೊಂಡವನು ಒಂದು ಮಾತು ಮುಚ್ಚಿಟ್ಟಿದ್ದೆ: ಕನ್ನಡದಲ್ಲಿ ನನ್ನಿಂದ ಶುರುವಾಗುವ ಶಬ್ದ ಒಂದೂ ಇಲ್ಲ. ನನಗಿಂತ ಮೊದಲು ಯಾರಾದರೂ ಇದ್ದರಷ್ಟೇ ನನಗೆ ಅರ್ಥ.

ದಿನಾ ಬೆಳಿಗ್ಗೆ ದಾವಲಸಾಬ ಸೊಸೆಯನ್ನು ಕೂಗಿ ಕೇಳುತ್ತಾನೆ: “ನೀರು ಕುದಿಸೀಯೇನವಾ?” ಅವಳು ಹೂಂ ಅಂದ ಮೇಲೆ ನನ್ನನ್ನು ಅಂಗೈಗೆ ಒತ್ತಿಕೊಳ್ಳುತ್ತಾನೆ. ಅವನ ಚರ್ಮದ ಮೇಲೆ ನಾನು ನೆಟ್ಟಗೆ ಮೂಡುತ್ತೇನೆ. ಅವನು ಓದಿಕೊಳ್ಳುವಷ್ಟು ಹೊತ್ತು ಇದ್ದು, ಮಾಸುತ್ತೇನೆ.