ಮೊದಲಿನ ಆಣೆ

ಊರ ಹಿರಿಯ ಹೂವಯ್ಯ ಇಟ್ಟ ತೆಂಗಿನಕಾಯಿ ಮೇಜಿನ ಮೇಲೆ ಉರುಳಿ, ಠರಾವಿನ ಪುಸ್ತಕಕ್ಕೆ ತಾಗಿ ನಿಂತಿತು.

“ಚೌಡಿ ಬನದ ಕಾಯಿ. ಮುಟ್ಟಿ ಹೇಳ್ಬಿಡಿ ಅಧ್ಯಕ್ಷರೇ, ಕಾಲುಸಂಕ ದೇವಸ್ಥಾನದ ದಾರಿಗೇ ಅಂತ. ಆಮೇಲೆ ಸಹಿ.”

ಸುಚಿತ್ರಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ದೇವಸ್ಥಾನದ ದಾರಿಗೇ ಆಗಲಿ ಎಂದು ಗ್ರಾಮಸಭೆಯಲ್ಲಿ ಎದ್ದ ಕೈಗಳನ್ನು ಅವಳು ಎರಡು ಸಲ ಎಣಿಸಿದ್ದಳು: ನೂರ ಹದಿನೆಂಟು. ಏಳದಿದ್ದವು ಒಂಬತ್ತು, ಎಲ್ಲ ಹಳ್ಳದಾಚೆಯ ಕೇರಿಯವು. ಹಳ್ಳ ದಾಟಲು ಮಂಜೂರಾದದ್ದು ಒಂದೇ ಸಂಕ, ಅದೂ ಪರಿಶಿಷ್ಟರ ಆ ಕೇರಿಗೆಂದೇ. ನುಣುಚಿಕೊಳ್ಳಲು ಎಲ್ಲಾದರೂ ಸಂದು ಸಿಕ್ಕೀತೇನೋ ಎಂದು ಆದೇಶವನ್ನು ಮನೆಯಲ್ಲಿ ನಾಲ್ಕು ಸಲ ಓದಿದ್ದಳು. ಸಿಕ್ಕಿರಲಿಲ್ಲ.

“ಆರು ಮನೆಗೆ ಸಂಕ, ಊರು ಬೆರಳು ಚೀಪೋದಾ?” ಮುಂದಿನ ಸಾಲಿನಿಂದ ಜಟ್ಟಪ್ಪ ಕೂಗಿದ. “ಬರೋ ಎಲೆಕ್ಷನ್ನಲ್ಲಿ ಆ ಒಂಬತ್ತು ಓಟಲ್ಲೇ ಗೆಲ್ಲು ಮಾರಾಯ್ತಿ, ನೋಡುವ!”

ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಆ ಕೇರಿಯ ಮೂಕಮ್ಮ ನಗಲಿಲ್ಲ. ಹಳ್ಳಕ್ಕೆ ಹಾಕಿದ್ದ ಅಡ್ಡಮರ ದಾಟುವಾಗ ಬಿಚ್ಚಿದ ಚಪ್ಪಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಹೋದ ಮಳೆಗಾಲದಲ್ಲಿ ಅದೇ ಮರದಿಂದ ಜಾರಿ ಅವಳ ಸೊಸೆ ಸೊಂಟ ಮುರಿದುಕೊಂಡಿದ್ದಳು.

“ಹೂವಯ್ಯನೋರೇ,” ಎಂದಳು ಸುಚಿತ್ರಾ. “ಎಲೆಕ್ಷನ್ನಲ್ಲಿ ಎದುರು ಪಾರ್ಟಿಯೋರು ಓಟಿನ ಆಣೆಗೆ ಅಂತ ನಿಮ್ಮ ಜಗಲಿಗೆ ಕಾಯಿ ತಂದಾಗ ಏನಂದ್ರಿ?”

“ಈಗ್ಯಾಕೆ ಅದು?”

“ಹೇಳಿ.”

ಹೂವಯ್ಯ ಎಲೆಯಡಿಕೆಯ ಕವಳವನ್ನು ದವಡೆಗೆ ಸರಿಸಿದರು. “ಒಂದು ಆಣೆ ಇರೋ ನಾಲಿಗೆ ಮೇಲೆ ಇನ್ನೊಂದು ಕೂರಲ್ಲ ಅಂದೆ. ನಿಂಗೆ ಮಾತು ಕೊಟ್ಟಾಗಿತ್ತಲ್ಲ.”

“ನನ್ನ ನಾಲಿಗೆನೂ ಖಾಲಿ ಇಲ್ಲ.” ಮೇಜಿನ ಅಂಚು ಹಿಡಿದುಕೊಂಡಳು. “ಇದೇ ಹಾಲಲ್ಲಿ, ಗೆದ್ದು ಬಂದ ದಿನ, ಸಂವಿಧಾನಕ್ಕೆ ನಿಷ್ಠೆಯಿಂದ ಇರ್ತೀನಿ ಅಂತ ದೇವರ ಹೆಸರಲ್ಲಿ ಆಣೆ ಇಟ್ಟೆ. ಚಪ್ಪಾಳೆ ತಟ್ಟಿದೋರು ನೀವೇ. ಬಡವರ ಪಾಲು ಕಿತ್ತು ನಿಮಗೆ ಕೊಟ್ರೆ ಆ ಆಣೆ ಎಲ್ಲಿ ಉಳೀತದೆ? ಕಾಯಿ ಮುಟ್ಟಲ್ಲ, ಸಹಿ ಹಾಕಲ್ಲ. ದೇವಸ್ಥಾನದ ದಾರಿಗೆ ಬೇರೆ ಅರ್ಜಿ ಬರೀತೀನಿ, ಶಿವಮೊಗ್ಗಕ್ಕೆ ನಾನೇ ಅಲೀತೀನಿ. ಅದೂ ಸಾಲದು ಅಂದ್ರೆ ಕುರ್ಚಿಯಿಂದ ಇಳಿಸಿ.”

ಅವಳು ಠರಾವಿನ ಪುಸ್ತಕ ಮುಚ್ಚಿದಳು.

“ಅದು ಸರ್ಕಾರಿ ಆಣೆ,” ಎಂದ ಜಟ್ಟಪ್ಪ. “ಅದಕ್ಕೆಲ್ಲ ಚೌಡಿ ಬರ್ತಾಳಾ?”

ಹೂವಯ್ಯ ಮೆಲ್ಲಗೆ ತಿರುಗಿದರು. “ದೇವರ ಹೆಸರು ತಗಂಡ ಮೇಲೆ ಸರ್ಕಾರಿ, ಪ್ರೈವೇಟು ಅಂತ ಇರ್ತದೇನೋ?”

ಮತ್ತೆ ನಗೆ ಎದ್ದಿತು. ಈ ಸಲ ಅದು ಜಟ್ಟಪ್ಪನ ಕಡೆಗೆ ಹೋಯಿತು. ಹೂವಯ್ಯ ಕಾಯನ್ನು ಎತ್ತಿ, ಹೆಗಲ ಟವೆಲಿನಿಂದ ಒರೆಸಿ ಕಂಕುಳಲ್ಲಿಟ್ಟುಕೊಂಡರು.

“ಆಣೆ ತಪ್ಸಿದ ಪಾಪ ನಂಗೆ ಬೇಡಪ್ಪ. ಸಂಕದ ಕೆಲಸ ಶುರುವಾದ ದಿನ ಒಡೆಯೋಕೆ ಒಂದು ಕಾಯಿ ಬೇಕಲ್ಲ, ಇದೇ ಆಗ್ತದೆ.”

ಆಷಾಢದ ಹೊತ್ತಿಗೆ ಹಳ್ಳ ದಡ ಮುಟ್ಟಿ ಮೊರೆಯುತ್ತಿತ್ತು. ಸುಚಿತ್ರಾ ಕೊಡೆ ಹಿಡಿದು ಈಚೆ ನಿಂತಿದ್ದಳು. ಆಚೆಯಿಂದ ಬಂದ ಮೂಕಮ್ಮ ಹೊಸ ಸಂಕದ ಬುಡದಲ್ಲಿ ರೂಢಿಯಂತೆ ಬಗ್ಗಿ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡಳು. ಅರ್ಧ ದಾರಿಗೆ ಬಂದು ನಿಂತಳು. ಕಾಲಡಿಯ ಸಿಮೆಂಟನ್ನು ನೋಡಿದಳು. ಆಮೇಲೆ, ಕೆಳಗೆ ಕೆಂಪು ನೀರು ಧುಮುಕುತ್ತಿರುವಂತೆಯೇ, ಚಪ್ಪಲಿಗಳನ್ನು ಜೋಡಿಸಿ ಕೆಳಗಿಟ್ಟು, ಒಂದೊಂದಾಗಿ ಮೆಟ್ಟಿಕೊಂಡು, ನಡೆದು ಬಂದಳು.