ಪೈಪಿನ ಇನ್ನೊಂದು ತುದಿ

ಮುಖ ತೊಳೆಯುತ್ತ ಸಿಂಬಳ ತೆಗೆದ ರಂಜಿತಾಳ ಅಂಗೈಗೆ ಕೆಂಪು ಅಂಟಿತು. ರಕ್ತವೆಂದುಕೊಂಡಳು. ನಲ್ಲಿಯ ಕೆಳಗೆ ಹಿಡಿದರೂ ಅದು ಕರಗಲಿಲ್ಲ. ಎಳೆಎಳೆಯಾಗಿ ಬಿಳಿ ಬೇಸಿನ್ನಿನ ಮೇಲೆ ಜಾರಿತು. ಆಗ ಬಣ್ಣದ ಗುರುತು ಹತ್ತಿತು. ಹಳೆಯ ಮೀಟರ್ ಗೇಜ್ ರೈಲು ಬೋಗಿಗಳ ಇಟ್ಟಿಗೆ ಕೆಂಪು. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಅವಳೇ ಬೆರೆಸಿದ್ದು.

ಅದು 2003ರ ಬೇಸಿಗೆ. ರಂಜಿತಾ ಹಾಸನದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರರಾಗಿದ್ದರು. ದೊಡ್ಡ ಹಳಿ ಬಂದು ಚಿಕ್ಕ ರೈಲು ಹೋದ ಮೇಲೆ ಆ ಬೋಗಿಗಳನ್ನು ಗೇಣುದ್ದದ ಮಾದರಿಗಳಾಗಿ ಮಾಡುವ ಹುಚ್ಚು ಅವಳಿಗೆ ಹಿಡಿದಿತ್ತು. ಕುಂಚದ ಗೆರೆ ಕಾಣಬಾರದೆಂದು ಏರ್‌ಬ್ರಷ್ ಕೊಂಡಿದ್ದಳು. ಪೆನ್ನಿನಷ್ಟು ದಪ್ಪದ ಪಿಚಕಾರಿ. ಥಿನ್ನರ್ ಬೆರೆಸಿ ತೆಳುವಾಗಿಸಿದ ಬಣ್ಣವನ್ನು ಕಂಪ್ರೆಸರಿನ ಗಾಳಿ ಮಂಜಿನಂತೆ ಊದುತ್ತದೆ. ಬೋಗಿಗೆ ತಾಗದೆ ಉಳಿದ ಮಂಜು ಎಲ್ಲಿ ಹೋಗುತ್ತದೆಂದು ಅವಳು ಈವರೆಗೆ ಕೇಳಿಕೊಂಡಿರಲಿಲ್ಲ.

ಅತ್ತೆ ದಾಕ್ಷಾಯಣಮ್ಮನಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು. "ಮಜ್ಜಿಗೆ ಬಾಯಿಗಿಟ್ರೆ ಥಿನ್ನರ್ ವಾಸ್ನೆ ಬತ್ತದೆ ಕಣವ್ವ. ನಾನೇಳಿದ್ರೆ ಮುದುಕಿ ಗೊಣಗ್ತಾಳೆ ಅಂತೀಯ," ಎಂದು ಹಾಲಿನ ಪಾತ್ರೆ ತಂದು ತೋರಿಸಿದರು. ಕೆನೆಯ ಮೇಲೆ ಕೆಂಪು ಧೂಳು ಕೂತಿತ್ತು. ರಂಜಿತಾ ಅದೇ ಪಾತ್ರೆಯ ಹಾಲಿನ ಕಾಫಿಯನ್ನು ಆಗಷ್ಟೇ ಕುಡಿದಿದ್ದಳು.

ಕೊಬ್ಬರಿ ವ್ಯಾಪಾರದ ಗಂಡ ಶಿವಕುಮಾರ್, "ಆ ಡಬ್ಬ ಏನೋ ಬರುತ್ತಂತಲ್ಲ, ತಗೊಂಡ್ಬುಡು," ಎಂದ.

ಆ ಡಬ್ಬವೇ ಸ್ಪ್ರೇ ಬೂತ್. ಮುಂದೆ ತೆರೆದಿರುವ ಪೆಟ್ಟಿಗೆ. ಒಳಗೆ ಮಾದರಿ ಇಟ್ಟು ಬಣ್ಣ ಊದಿದರೆ ಹಿಂದಿನ ಫ್ಯಾನು ಮಂಜನ್ನು ಎಳೆದು, ಫಿಲ್ಟರಿನಲ್ಲಿ ಹಿಡಿದು, ಉಳಿದ ಗಾಳಿಯನ್ನು ಪೈಪಿನಲ್ಲಿ ಹೊರಗೆ ಕಳಿಸುತ್ತದೆ. ಕೇಳಲು ಸುಲಭ, ಆರಿಸುವುದು ಕಷ್ಟ. ಬೆಂಗಳೂರಿನ ಒಂದು ಅಂಗಡಿಯವನು ಮಡಚುವ ಪೆಟ್ಟಿಗೆ ತೋರಿಸಿದ. ಅವಳು ಬ್ಯಾಗಿನಲ್ಲಿ ಒಯ್ದಿದ್ದ ಊದುಬತ್ತಿ ಹಚ್ಚಿ ಮುಂದೆ ಹಿಡಿದಳು. ಹೊಗೆ ಮುಂದಿನಿಂದ ಒಳಹೋಗಿ ಹಿಂದಿನಿಂದ ಅದೇ ಕೋಣೆಗೆ ಬಂತು. "ನೋಡಿ ಮೇಡಂ, ಎಷ್ಟು ಚೆನ್ನಾಗಿ ಎಳೀತು!" ಎಂದು ಅವನು ಹಲ್ಲು ಬಿಟ್ಟ. ಹಾಸನದ ಇನ್ನೊಬ್ಬ ಅಡುಗೆಮನೆಯ ಚಿಮಣಿಯನ್ನೇ ಹಾಕಿಕೊಳ್ಳಿ ಎಂದ. ಅವನು ತೋರಿಸಿದ ಚಿಮಣಿಯ ಜಾಲರಿಯಿಂದ ಹಳದಿ ಜಿಡ್ಡೊಂದು ಅವಳ ಮುಂಗೈ ಮೇಲೆ ತೊಟ್ಟಿಕ್ಕಿತು. ಮನೆಗೆ ಬಂದು ಸೀಗೆಪುಡಿ ಹಾಕಿ ಉಜ್ಜಿಕೊಂಡರೂ ಆ ಕಮಟು ಹೋಗಲಿಲ್ಲ.

ಕೊನೆಗೆ ಅವಳು ಹೊಳೆನರಸೀಪುರದ ಚಲುವನಾರಾಯಣರಿಗೆ ಫೋನ್ ಮಾಡಿದಳು. ನಿವೃತ್ತ ಸ್ಟೇಷನ್ ಮಾಸ್ಟರು. ಮೈಸೂರಿನ ಒಂದು ಪ್ರದರ್ಶನದಲ್ಲಿ ಅವರ ಪುಟ್ಟ ಹೊಗೆ ಇಂಜಿನ್ನುಗಳನ್ನು ನೋಡಿ ಅವಳು ಬೆರಗಾಗಿದ್ದಳು. ಅವರಂಥ ಕಪ್ಪು ಹೊಳಪನ್ನು ಬೇರೆ ಯಾರೂ ತಂದಿರಲಿಲ್ಲ.

"ಬೂತ್ ತಾನೆ? ಬನ್ನಿ ಅಮ್ಮ, ನನ್ನದೇ ನೋಡಿ. ಇದಕ್ಕಿಂತ ಒಳ್ಳೇದು ಈ ಜಿಲ್ಲೇಲಿಲ್ಲ," ಎಂದರು.

ದೇವಸ್ಥಾನದ ಬೀದಿಯ ಮನೆ. ಚಲುವನಾರಾಯಣರು ಇಸ್ತ್ರಿ ಪಂಚೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ಕೆಲಸದ ಕೋಣೆ ಆಸ್ಪತ್ರೆಯಂತಿತ್ತು; ಮೇಜಿನ ಮೇಲೆ ಒಂದು ಚುಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದೊಂದು ಸಾಮಾನು ಮುಟ್ಟಿದ ಮೇಲೂ ಅವರು ಕೈ ತೊಳೆದು ಬರುತ್ತಿದ್ದರು. ಬೂತನ್ನು ಅವರೇ ತಗಡಿನಲ್ಲಿ ಮಾಡಿಸಿದ್ದರು. ಫ್ಯಾನು ಹಾಕಿ ಊದುಬತ್ತಿ ಹಿಡಿದರೆ ಹೊಗೆ ಗೆರೆ ಎಳೆದಂತೆ ಒಳಹೋಯಿತು. ಹಿಂದಕ್ಕೆ ಒಂದಿಷ್ಟೂ ಬರಲಿಲ್ಲ. ರಂಜಿತಾಳಿಗೆ ಇಂಥದ್ದೇ ಬೇಕೆನಿಸಿತು.

"ಫಿಲ್ಟರ್ ಎಲ್ಲಿ ಸಾರ್?"

"ತೆಗೆದುಹಾಕಿದೆ. ಅದಿದ್ರೆ ಎಳೆತ ಕಮ್ಮಿ ಆಗತ್ತೆ, ಮತ್ತೆ ತೊಳೀಬೇಕು, ಅದೊಂದು ಹೊಲಸು ಕೆಲಸ. ಹೊರಗೆ ಹೋದ ಮೇಲೆ ನಮಗೇನು?"

"ಪೈಪ್ ಎಲ್ಲಿಗೆ ಹೋಗುತ್ತೆ?"

"ಹಿಂದಿನ ಓಣಿಗೆ."

ಪೈಪಿನ ಬಾಯಿ ಎಷ್ಟಗಲ, ಮಳೆನೀರು ಒಳಬರದಂತೆ ಹೇಗೆ ಬಾಗಿಸಿದ್ದಾರೆ ನೋಡಬೇಕೆಂದಳು.

"ಅಲ್ಲಿಗೆಲ್ಲ ಯಾಕೆ? ಗಲೀಜು ಓಣಿ," ಎಂದು ಮುಖ ಕಿವುಚಿದರು. ಅವಳು ಪಟ್ಟು ಬಿಡಲಿಲ್ಲ. "ಸರಿ, ಹೋಗಿ ನಿಂತ್ಕೊಳ್ಳಿ. ನಾನಿಲ್ಲಿ ಒಂದು ಇಂಜಿನ್ನಿಗೆ ಹೊಡೀತೀನಿ, ಎಳೆತ ಹೆಂಗಿದೆ ಅಂತ ನಿಮಗೇ ಗೊತ್ತಾಗತ್ತೆ," ಎಂದರು.

ಸುತ್ತು ಹಾಕಿ ಓಣಿಗೆ ಬಂದವಳು ಪೈಪನ್ನು ಹುಡುಕಬೇಕಾಗಲಿಲ್ಲ. ಗೋಡೆಯೇ ತೋರಿಸಿತು. ಪೈಪಿನ ಬಾಯಿಂದ ನೆಲದವರೆಗೆ ಕಪ್ಪು ಲೋಳೆ ಇಳಿದು, ಒಣಗಿ, ಅದರ ಮೇಲೆ ಮತ್ತೆ ಇಳಿದು ಕೀವಿನ ಹಕ್ಕಳೆಯಂತೆ ದಪ್ಪಗಟ್ಟಿತ್ತು. ಅದರಲ್ಲಿ ನೊಣಗಳು, ಒಂದು ಹಲ್ಲಿ, ಸತ್ತು ಹೂತುಹೋಗಿದ್ದವು. ಪೈಪಿನೆದುರು ಮಾರು ದೂರದಲ್ಲಿ ಒಂದು ಮನೆಯ ಬಟ್ಟೆ ಒಗೆಯುವ ಕಲ್ಲು, ನೀರಿನ ಡ್ರಮ್ಮು, ಬೋರಲು ಹಾಕಿದ ಪಾತ್ರೆಗಳು. ಡ್ರಮ್ಮಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಆಡುತ್ತಿತ್ತು.

ಪಾತ್ರೆ ಬೆಳಗುತ್ತಿದ್ದ ಹೆಂಗಸು ತಲೆಯೆತ್ತಿ, "ಸಾಮೇರ ಮನೆ ಕಡೆಯೋರಾ? ಇವತ್ತು ಕರೇದಾ, ಕೆಂಪುದಾ?" ಎಂದು ಕೇಳಿದಳು. ಹೆಸರು ಪಾರ್ವತಮ್ಮ. ಗಂಡ ಲಕ್ಕಯ್ಯ ಗಾರೆ ಕೆಲಸದವನು.

"ನೀವು ಅವರಿಗೆ ಹೇಳಿಲ್ವಾ?"

"ಏಳ್ದೋ ಕಣವ್ವ. ಡ್ರಮ್ಮು ಮುಚ್ಕಳಿ ಅಂದ್ರು. ಮುಚ್ಚಿದ್ರೆ ಮುಚ್ಚಳದ್ಮೇಲೆ ಕೂತ್ಕತದೆ, ಅದನ್ನ ಮುಟ್ಟಿದ ಕೈಲೇ ರೊಟ್ಟಿ ತಟ್ಟೋದು. ನಮ್ಮೆಜಮಾನ್ರು ಕೆಮ್ಮಿ ಉಗುದ್ರೆ ಮಸಿ ಬತ್ತದೆ."

ಆಗ ಪೈಪು ಗುಂಯ್‌ಗುಟ್ಟಿತು. ಪಾರ್ವತಮ್ಮ ಸರಕ್ಕನೆ ಸೆರಗನ್ನು ಮೂಗಿಗೊತ್ತಿ ಪಕ್ಕಕ್ಕೆ ಸರಿದಳು. ರಂಜಿತಾಳಿಗೆ ಆ ಅಭ್ಯಾಸವಿರಲಿಲ್ಲ. ತಣ್ಣನೆಯ ಕಪ್ಪು ಮಂಜು ಅವಳ ಮುಖಕ್ಕೇ ಹೊಡೆಯಿತು. ರೆಪ್ಪೆ ಅಂಟಿತು, ತುಟಿಯ ಮೇಲೆ ಸಿಹಿಯೂ ಕಹಿಯೂ ಅಲ್ಲದ ಒಂದು ಹೊಲಸು ರುಚಿ ಕೂತಿತು. ಗೋಡೆಯಾಚೆಯಿಂದ ಚಲುವನಾರಾಯಣರ ಸಂತೋಷದ ದನಿ ಕೇಳಿತು: "ಹೆಂಗಿದೆ ಅಮ್ಮಾ ಫೋರ್ಸು?"

ಅವಳು ಕಲ್ಲಿನ ಪಕ್ಕ ಬಗ್ಗಿ ವಾಂತಿ ಮಾಡಿದಳು. ಪಾರ್ವತಮ್ಮ ಬೆನ್ನು ಸವರಿ, ಒಳಗಿನಿಂದ ಮುಚ್ಚಿಟ್ಟ ನೀರು ತಂದು ಕೊಟ್ಟಳು.

ಮನೆಯೊಳಗೆ ಹಿಂದಿರುಗಿದಾಗ ಬೆಳ್ಳಿ ಲೋಟದಲ್ಲಿ ಕಾಫಿ ಕಾದಿತ್ತು. ಅವಳ ಮುಖ ನೋಡಿ ಚಲುವನಾರಾಯಣರು ನಕ್ಕರು. ತಕ್ಷಣ ಟವೆಲು ಕೊಡಲು ಬಂದವರು ಅದನ್ನು ಕೈಗೆ ಕೊಡದೆ ಕುರ್ಚಿಯ ಮೇಲಿಟ್ಟರು. ಬಣ್ಣ ತಮಗೆ ಅಂಟೀತೆಂದು.

"ಸಾರ್, ಅಲ್ಲಿ ಜನ ಅಡುಗೆ ಮಾಡ್ತಾರೆ."

"ಅವರಿಗೆಲ್ಲ ಅಭ್ಯಾಸ ಆಗಿದೆ ಕಣಮ್ಮ. ಆ ಓಣಿ ಮೊದಲಿಂದಲೂ ಹಂಗೇ."

"ನೀವು ಕೈಲಿ ಮುಟ್ಟಕ್ಕೆ ಅಸಹ್ಯ ಪಡೋದನ್ನ ಅವರ ಬಾಯಿಗೆ ಊದ್ತಿದೀರಿ."

ಅವರ ನಗೆ ನಿಂತಿತು. "ನೀವು ಬೂತ್ ನೋಡಕ್ಕೆ ಬಂದಿದ್ರಿ. ನೋಡಿದ್ರಿ. ಕಾಫಿ ಆರ್ತಿದೆ."

ಕಾಫಿಯ ಮೇಲಿನ ನೊರೆ ನೋಡಿದ ಕೂಡಲೇ ಅವಳಿಗೆ ಡ್ರಮ್ಮಿನ ಪೊರೆ ಕಂಡಿತು. ಕುಡಿಯದೆ ಎದ್ದುಬಂದಳು. ಬಸ್ಸಿನಲ್ಲಿ ಕಿಟಕಿಗೆ ಮುಖವೊಡ್ಡಿ ಕೂತರೂ ಮೈಯೆಲ್ಲ ಅಂಟಂಟಾಗಿತ್ತು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದು ಸ್ನಾನ ಮಾಡಿ, ಬಣ್ಣದ ಕೋಣೆಗೆ ಹೋದಳು. ಪೈಪಿಗೆಂದು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಆಗಲೇ ಒಂದು ದುಂಡು ಗುರುತು ಮಾಡಿದ್ದಳು. ಹೊರಗಡೆ ಹೋಗಿ ಆ ಜಾಗ ಎಲ್ಲಿಗೆ ಬರುತ್ತದೆಂದು ನೋಡಿದಳು. ಪಕ್ಕದ ಮನೆಯ ನೀಲಾಂಬಿಕೆ ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಿಗೆ ಮಲಗಿಸುವ ಜಗುಲಿ ಸರಿಯಾಗಿ ಎದುರಿಗಿತ್ತು. ರಂಜಿತಾಳಿಗೆ ಆ ಮುದುಕನ ಮೇಲಿದ್ದ ಹೇಸಿಗೆಯಲ್ಲಿ ಒಂದಿಷ್ಟು ತನ್ನ ಕಡೆಗೂ ತಿರುಗಿತು.

ಮುಂದಿನ ವಾರಗಳಲ್ಲಿ ಅವಳು ತಗಡು ಕೆಲಸದವನ ಬಳಿ ಬೇರೆ ಥರದ ಬೂತ್ ಮಾಡಿಸಿದಳು. ಹಿಂದೆ ಎರಡು ಪದರ ಫಿಲ್ಟರ್, ಪೈಪು ತಮ್ಮದೇ ತಾರಸಿಯ ಮೇಲಕ್ಕೆ. ಥಿನ್ನರ್ ಬಣ್ಣ ಬಿಟ್ಟು ನೀರಿನಲ್ಲಿ ಬೆರೆಯುವ ಬಣ್ಣ ತರಿಸಿದಳು. ಹೊಳಪು ಕಡಿಮೆ ಬಂತು, ಬರಲಿ ಎಂದುಕೊಂಡಳು. ಮೊದಲ ಸಲ ಫಿಲ್ಟರ್ ಬಿಚ್ಚಿದಾಗ ಇಲಿಯ ತೊಗಲಿನಂಥ ಕೆಂಪು ಜೂಲು ಅದಕ್ಕೆ ಕವಿದಿತ್ತು.

"ಅಯ್ಯೋ ಶಿವನೇ, ಇಷ್ಟೂ ನಮ್ಮ ಹೊಟ್ಟೇಗೆ ಓಗ್ತಿತ್ತೇನೇ!" ಎಂದು ದಾಕ್ಷಾಯಣಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

ಅಂಥದ್ದೇ ಹೊಸ ಫಿಲ್ಟರಿನ ಹಾಳೆಗಳನ್ನು ಚಲುವನಾರಾಯಣರಿಗೂ ಅಂಚೆಯಲ್ಲಿ ಕಳಿಸಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಅವರೇ ಫೋನ್ ಮಾಡಿದರು. ಹಳೆಯದನ್ನೆಲ್ಲ ಮರೆತಂಥ ದನಿ.

"ನಿಮ್ಮ ಮಾತಿಗೆ ಬೆಲೆ ಕೊಟ್ಟಿದೀನಿ ಅಮ್ಮ. ಪೈಪ್ ಓಣಿ ಕಡೆಯಿಂದ ತೆಗೆಸ್ಬಿಟ್ಟೆ."

"ಒಳ್ಳೇದಾಯ್ತು ಸಾರ್. ಫಿಲ್ಟರ್ ಹಾಕಿದ್ರಾ?"

"ಅದು ಬೇಕಾಗಿಲ್ಲ. ಈಗ ಎಡಗಡೆ ಗೋಡೆಗೆ ತಿರುಗಿಸಿದೀನಿ. ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ವಾ?"

"ಇಲ್ಲ. ಅಂಗನವಾಡಿ ಇದೆ, ಅಷ್ಟೇ. ಮಧ್ಯಾಹ್ನದ ಮೇಲೆ ಖಾಲಿ."

"ನೀವು ಬಣ್ಣ ಹೊಡೆಯೋದು ಬೆಳಿಗ್ಗೆ ಅಲ್ವಾ?"

"ಬೆಳಿಗ್ಗೇನೇ ಚೆನ್ನಾಗಿ ಒಣಗೋದು."

ರಂಜಿತಾಳ ಬಾಯಲ್ಲಿ ಆ ದಿನದ ರುಚಿ ಮತ್ತೆ ಬಂತು. ರಿಸೀವರನ್ನು ಕಿವಿಗೆ ತಾಗದಂತೆ ದೂರ ಹಿಡಿದಳು. ಕಾಲೇಜಿಗೆ ರಜೆ ಹಾಕಿ ಮಾರನೆಯ ಬೆಳಿಗ್ಗೆ ಹೊಳೆನರಸೀಪುರದ ಬಸ್ಸು ಹತ್ತಿದಳು. ಚಲುವನಾರಾಯಣರ ಮನೆಗೆ ಹೋಗಲಿಲ್ಲ. ನೇರ ಪಾರ್ವತಮ್ಮನ ಮನೆಗೆ ಹೋಗಿ ಅವಳನ್ನು ಕರೆದುಕೊಂಡು ಅಂಗನವಾಡಿಗೆ ಹೋದಳು.

ಮಕ್ಕಳು ಸಾಲಾಗಿ ಕೂತು ತಟ್ಟೆಗೆ ಕಾಯುತ್ತಿದ್ದವು. ಉಪ್ಪಿಟ್ಟಿನ ಪಾತ್ರೆ ಕಿಟಕಿಯ ಕೆಳಗಿತ್ತು, ಪೈಪು ಕಿಟಕಿಯ ಎದುರಿಗಿತ್ತು. ಕಿಟಕಿಯ ಸರಳು, ಗೋಡೆಯ ಮೇಲಿನ ಅಆಇಈ ಎಲ್ಲಕ್ಕೂ ಕಪ್ಪು ಅಂಟಿತ್ತು. "ಒಲೆ ಮಸಿ ಅನ್ಕೊಂಡಿದ್ದೆ ಮೇಡಂ," ಎಂದಳು ಕಾರ್ಯಕರ್ತೆ. ಪಾರ್ವತಮ್ಮ ಪಾತ್ರೆಯೊಳಗೆ ಬೆರಳು ಹಾಕಿ, ಉಪ್ಪಿಟ್ಟಿನ ಮೇಲ್ಪದರ ತೆಗೆದು ಮೂಸಿದಳು. ಮೂಸಿ, ಕೈ ಕೊಡವಿ, ಬೀದಿಗೆ ಹೋಗಿ ಕೂಗು ಹಾಕಿದಳು. ತನ್ನ ಮನೆಯ ಮುಂದೆ ಇಷ್ಟು ದಿನ ಸಹಿಸಿದ್ದವಳು ಇವಳೇನಾ ಎನ್ನುವಂತಿತ್ತು ಆ ದನಿ.

ತಾಯಂದಿರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಚಲುವನಾರಾಯಣರ ಬಾಗಿಲಿಗೆ ಹೋದಾಗ ಅವರು ಕಿಟಕಿಯ ಹಿಂದಿನಿಂದ, "ಏನಿದು? ಒಳಗೆ ಬರಬೇಡಿ, ಅಲ್ಲೇ ನಿಂತು ಹೇಳಿ," ಎಂದರು. ಗುಂಪಿನಲ್ಲಿ ರಂಜಿತಾಳನ್ನು ಕಂಡು, "ನೀವಾ?" ಎಂದರು.

"ನಾನೇ ಕರ್ಕೊಂಡು ಬಂದಿದ್ದು ಸಾರ್."

ಲಕ್ಕಯ್ಯ ಉಳಿ ಸುತ್ತಿಗೆ ತಂದು ಗೋಡೆಯಿಂದ ಪೈಪು ಕಿತ್ತ. ಕಿತ್ತ ಕೂಡಲೇ ಒಳಗಿದ್ದ ಕಪ್ಪು ಕೆಸರು ನೆಲಕ್ಕೆ ಸುರಿಯಿತು. ನಾಯಿಯೊಂದು ಮೂಸಿ ಹಿಂದಕ್ಕೆ ಓಡಿತು. ತೂತಿಗೆ ಗಾರೆ ಮೆತ್ತಿದ ಮೇಲೆ ಲಕ್ಕಯ್ಯ ಪೈಪನ್ನು ಎತ್ತಲು ಬಗ್ಗಿದ. ಪಾರ್ವತಮ್ಮ ಅವನ ರಟ್ಟೆ ಹಿಡಿದಳು.

"ಬ್ಯಾಡ. ಅದು ಅವ್ರುದು. ಸಾಮಿ, ಬಂದು ಎತ್ಕಳಿ."

ಕೊನೆಗೆ ಚಲುವನಾರಾಯಣರು ಹೊರಗೆ ಬಂದರು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮುಖ ಆಚೆ ತಿರುಗಿಸಿ, ಎರಡು ಬೆರಳಲ್ಲಿ ಪೈಪು ಹಿಡಿದರು. ಅದು ಜಾರಿ ಅವರ ಕಾಲ ಮೇಲೇ ಬಿತ್ತು. ಪಾದ ಕಪ್ಪಾಯಿತು. ಅವರ ಗಂಟಲಿನಿಂದ ಓಕರಿಕೆಯ ಸದ್ದು ಬಂತು. ಯಾರೂ ನಗಲಿಲ್ಲ. ಎರಡನೆಯ ಸಲ ಅವರು ಎರಡೂ ಕೈಯಿಂದ ತಬ್ಬಿ ಎತ್ತಿಕೊಂಡು ಒಳಹೋದರು.

ತನಗೆ ಸಮಾಧಾನವಾದೀತು ಎಂದು ರಂಜಿತಾ ಕಾದಿದ್ದಳು. ಆಗಲಿಲ್ಲ. ಬಿಸಿಲಿಗೆ ಆ ಕೆಸರು ನಾರತೊಡಗಿತ್ತು. ಪಾರ್ವತಮ್ಮ ಆಗಲೇ ಬೂದಿ ತಂದು ಅದರ ಮೇಲೆ ಸುರಿಯುತ್ತಿದ್ದಳು. ರಂಜಿತಾ ಸೆರಗು ಸಿಕ್ಕಿಸಿಕೊಂಡು ಒಂದು ಸಲಿಕೆ ಕೇಳಿದಳು.