ಅಡಿಗೆ ಕಾಲಿಂಚು

“ಕೈ ತಗೀರಿ, ಬಾವ!”

ದೊಡ್ಡಬೀರಯ್ಯನ ಕೈ ಸ್ವಿಚ್ಚಿನಿಂದ ಎರಡು ಬೆರಳು ಈಚೆಗೇ ನಿಂತುಬಿಟ್ಟಿತು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಚಿಕ್ಕನಂಜಮ್ಮ ಗಂಡನ ಅಣ್ಣನ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. ಅವಳಿಗೆ ನಾಲಿಗೆಯಿದೆ ಎಂಬ ಸಂಗತಿಯೇ ಆತನಿಗೆ ಗೊತ್ತಿರಲಿಲ್ಲ ಎಂದರೂ ನಡೆದೀತು. ಆ ಕೂಗಿಗೆ ಪವರ್ ಹೌಸಿನವರ ಊರಾದ ಬ್ಲಫಿನ ಕಾಗೆಗಳೆಲ್ಲ ಎದ್ದು ಹೋಗಿ ಮಳವಳ್ಳಿಯಲ್ಲಿ ಕೂತವು. ನಡುಮನೆಯಲ್ಲಿ ಅಳುತ್ತಿದ್ದ ಹೆಂಗಸರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಬೆಚ್ಚದೆ ಮಲಗಿದ್ದವನು ಹುಚ್ಚೀರಯ್ಯನೊಬ್ಬನೇ. ಅವನು ಬೆಳಿಗ್ಗೆಯೇ ತೀರಿಕೊಂಡಿದ್ದ.

“ಮಣ್ಣಾಗೋಗಂಟ ಸಾವಿನ ಮನೇಲಿ ಒಲೆ ಉರೀಬಾರ್ದು ಕಣಮ್ಮ,” ಎಂದ ದೊಡ್ಡಬೀರಯ್ಯ. “ನನ್ ತಮ್ಮ ಇನ್ನೂ ಇಲ್ಲೇ ಮಲ್ಗವ್ನೆ. ಈ ಪೆಟ್ಗೆ ನೋಡುದ್ರೆ ಕೆಂಡದಂಗೆ ಕಾಯ್ತಾ ಅದೆ. ಆರಿಸ್ಬುಡು.”

“ಅದು ಒಲೆ ಅಲ್ಲ.”

“ಒಲೆ ಅಲ್ವಾ? ನಂಗೂ ನಾಕಕ್ಸರ ಬತ್ತದೆ.” ಪೆಟ್ಟಿಗೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದರ ಮೇಲೆ ಬೆರಳಿಟ್ಟ. “ಅ... ಡಿ... ಗೆ. ನೋಡು, ಅಡಿಗೆ! ಇನ್ನೇನ್ ಬೇಕು?”

ಓದಿದ್ದು ಮೂರೇ ಅಕ್ಷರ. ಮುಂದಿನ ‘ಕಾಲಿಂಚು’ ಅವನಿಗೆ ಬೇಕಾಗಿರಲಿಲ್ಲ.

ಪವರ್ ಹೌಸಿನಲ್ಲಿ ಸತ್ತವನ ಜೊತೆ ಕೆಲಸ ಮಾಡುತ್ತಿದ್ದ ನಿಂಗಯ್ಯ ಮುಂದೆ ಬಂದ. “ಅಣ್ಣೋ, ಒಳಗಡೆ ಬಣ್ಣ ಇನ್ನೂ ಹಸೀ ಅದೆ. ಪುಸ್ಯದ ಮಂಜು ಬೇರೆ. ಸಂಜೇಗಂಟ ಕಾವು ಸಿಗ್ಲಿಲ್ಲ ಅಂದ್ರೆ ಸುಕ್ಕುಗಟ್ಟೋಯ್ತದೆ. ಇನ್ನೊಂದ್ ಸಲ ಬಳಿಯಾಕೆ ಆ ಕೈ ಎಲ್ಲದೆ?”

“ಸುಕ್ಕಾದ್ರೆ ಆಗ್ಲಿ ಬುಡ್ಲಾ. ಗೊಂಬೆ ತಾನೆ.”

“ಗೊಂಬೆ ಅಲ್ಲ, ನಿಮ್ಮೂರು. ಕೊಕ್ಕರೆ ಬೆಳ್ಳೂರು.”

ದೊಡ್ಡಬೀರಯ್ಯನ ಮೀಸೆ ಕೊಂಚ ಅಲುಗಿತು. ಊರಿಗೆ ಕರೆಂಟು ತರಿಸೋಣವೆಂದು ತಮ್ಮ ಎರಡು ವರ್ಷದಿಂದ ಹೇಳುತ್ತಿದ್ದ. ಕೂಡದೆಂದು ಚಾವಡಿಯಲ್ಲಿ ಕೂತವನು ಅಣ್ಣನೇ. “ಹಕ್ಕಿಗಳು ಬಾಣಂತನಕ್ಕೆ ಬರೋ ಊರಿನ ಹೆಣ್ಮಕ್ಕಳು. ತಂತಿಗೆ ತಗಲಿ ಸತ್ರೆ ಯಾರ ತವರು ಅಂತ ಹೇಳ್ಕೊಳಾದು?” ಎಂಬುದು ಅವನ ಮಾತು. ಈ ತಿಂಗಳ ಕೊನೆಗೆ ಮತ್ತೆ ಪಂಚಾಯ್ತಿ ಸೇರುವುದಿತ್ತು. ಅಲ್ಲಿ ಬಾಯಿಂದ ಹೇಳಲಾಗದ್ದನ್ನು ತೋರಿಸುತ್ತೇನೆಂದು ಹುಚ್ಚೀರಯ್ಯ ಕಟ್ಟಿದ್ದು ಪೆಟ್ಟಿಗೆಯೊಳಗಿನ ಆ ಪುಟ್ಟ ಊರು.

*

ಐದು ವರ್ಷದ ಹಿಂದೆ ಇದೇ ತಪ್ಪನ್ನು ಚಿಕ್ಕನಂಜಮ್ಮನೂ ಮಾಡಿದ್ದಳು.

ಹುಚ್ಚೀರಯ್ಯ ಪವರ್ ಹೌಸಿನ ದೊಡ್ಡ ಪೈಪುಗಳಿಗೆ ಬಣ್ಣ ಬಳಿಯುವವನು. ಅವನು ಬಳಿದದ್ದನ್ನೆಲ್ಲ ಒಂದೇ ಗೆರೆಯಾಗಿ ಎಳೆದಿದ್ದರೆ ಅದು ಮದ್ದೂರು ದಾಟಿ, ಮಂಡ್ಯಕ್ಕೆ ಎರಡು ಪ್ರದಕ್ಷಿಣೆ ಹಾಕಿ, ಹೊಳಲಿನಲ್ಲಿ ನೀರು ಕುಡಿದು ವಾಪಸು ಬರುತ್ತಿತ್ತು. ದೊಡ್ಡದಕ್ಕೆ ಬಳಿದೂ ಬಳಿದೂ ಬೇಸರವಾಯಿತೋ ಏನೋ, ಮನೆಗೆ ಬಂದರೆ ಹೆಬ್ಬೆರಳುದ್ದದ ಎತ್ತಿನ ಗಾಡಿ, ಬೊಗಸೆಯಷ್ಟು ಮನೆ ಕೆತ್ತುತ್ತಿದ್ದ. ಒಂದು ಸಂಜೆ ಅಂದ: “ನಂಜಿ, ಇನ್ಮೇಲೆ ಅಡಿಗೆ ಕಾಲಿಂಚು ಸಾಕು.”

ಊಟಕ್ಕೆ ಕೂತಾಗ ತಟ್ಟೆಯಲ್ಲಿ ಕಡಲೆಕಾಳಿನಷ್ಟು ರಾಗಿಮುದ್ದೆ, ಪಕ್ಕದಲ್ಲಿ ಒಂದು ತೊಟ್ಟು ಸಾರು.

“ಇದೇನಮ್ಮಿ?”

“ಅಡಿಗೆ ಕಾಲಿಂಚು. ನೀನೇ ಅಂದ್ಯಲ್ಲ.”

“ಅಯ್ಯೋ ನಿನ್ನ! ಅಡಿಗೆ ಅಂದ್ರೆ ಒಂದಡೀಗೆ ಕಣೆ. ದಿಟದ್ದು ಒಂದಡಿ ಇದ್ರೆ ನಂದು ಕಾಲಿಂಚು.”

ಅವನು ನಕ್ಕ ಸದ್ದಿಗೆ ಗಗನಚುಕ್ಕಿಯ ಭೋರ್ಗರೆತ ಎರಡು ಗಳಿಗೆ ಕೇಳಿಸಲಿಲ್ಲವೆಂದು ನಿಂಗಯ್ಯ ಈಗಲೂ ಆಣೆ ಮಾಡುತ್ತಾನೆ.

ಅವನ ದೊಡ್ಡ ಶತ್ರು ದೂಳು. ಹಸಿ ಬಣ್ಣದ ಮೇಲೆ ನೊಣವೊಂದು ಕೂತರೆ ಗಾಡಿಯ ಮೇಲೆ ಆನೆ ಸತ್ತು ಬಿದ್ದಂತೆ. ಅದಕ್ಕೇ, ಕರೆಂಟು ಕಂಬಕ್ಕೆ ಹಾಕುವ ಪಿಂಗಾಣಿ ಬಟ್ಟಲು ತುಂಬಿ ಬಂದಿದ್ದ ಮೂರಡಿಯ ಮರದ ಪೆಟ್ಟಿಗೆಯೊಂದನ್ನು ಕೇಳಿ ತಂದ. ಮೇಲೆ ನಾಲ್ಕು ಬಲ್ಬು ನೇತುಹಾಕಿ, ಸಂದಿಗೊಂದಿಯೆಲ್ಲ ಮುಚ್ಚಿ, ಒಳಗೊಂದು ಗಾಡಿ ಇಟ್ಟ. ತೆಗೆದು ನೋಡಿದರೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು.

“ಸಂಡಿಗೆ ಒಣಗ್ಸೋರ್ನ ಒಂದ್ ಮಾತು ಕೇಳ್ಬಾರ್ದಾ?” ಎಂದಳು ಚಿಕ್ಕನಂಜಮ್ಮ. “ಕಾವು ಕೆಳಗಿಂದ ಬರ್ಲಿ, ಮೊಕಕ್ಕೆ ಬಡೀಬಾರ್ದು. ಗಾಳಿ ಆಡ್ಲಿ. ದೂಳು ಬರ್ದಂಗೆ ಹಳೇ ಪಂಚೆ ಕಟ್ಟು.”

ಬಲ್ಬುಗಳು ತಳಕ್ಕೆ ಇಳಿದವು. ಅವುಗಳ ಮೇಲೆ ತೂತು ಹೊಡೆದ ತಗಡು, ಗಾಳಿಕಂಡಿಗೆ ಪಂಚೆಯ ತುಂಡು, ನೆತ್ತಿಗೆ ತಗಡಿನ ಕೊಳವೆ, ಬಾಗಿಲಿಗೆ ಗಾಜು. ಮಾರನೆಯ ದಿನ ಹೊರಬಂದ ಗಾಡಿ ಎಂಥ ಮಿರುಗು ಮಿರುಗಿತೆಂದರೆ, ಅದರ ಚಕ್ರದಲ್ಲಿ ಮುಖ ನೋಡಿಕೊಂಡು ಅವಳು ಕುಂಕುಮ ತಿದ್ದಿಕೊಂಡಳು. ಹುಚ್ಚೀರಯ್ಯ ಕುಂಚವೆತ್ತಿ, ಬಾಗಿಲ ಮೇಲೆ, ಅವಳನ್ನು ಜನ್ಮವಿಡೀ ಅಣಕಿಸಲೆಂದು, ಆ ಎರಡು ಪದ ಬರೆದ.

*

“ಬಾವ, ಪ್ರಾಣ ಹೋದ ಜಾಗದಲ್ಲಿ ಏನಿಡಬೇಕು?” ಚಿಕ್ಕನಂಜಮ್ಮ ಈಗ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ದೀಪ.”

“ಆರಿಸ್ಬೋದಾ?”

“ಉಂಟಾ? ಮಣ್ಣು ಮಾಡ್ಬುಟ್ಟು ಬಂದೋರು ಅದ್ನ ನೋಡ್ಕಂಡೇ ಮನೇಗೋಗೋದು.”

“ನಿಮ್ ತಮ್ಮ ಬೆಳಿಗ್ಗೆ ಕೊನೇ ಬಣ್ಣ ಬಳಿದು, ಈ ಬಾಗ್ಲು ಹಾಕಿ, ಇದಕ್ಕೇ ಒರಗಿ ಕುಂತ. ‘ಬೆಚ್ಚಗದೆ ನಂಜಿ’ ಅಂದ. ಅಷ್ಟೆಯ.” ಅವಳು ಗಾಜಿನತ್ತ ಕೈ ತೋರಿಸಿದಳು. “ಒಳಗೆ ಒಂದಲ್ಲ, ನಾಕು ದೀಪ ಅವೆ. ಈಗ ಆರ್ಸಿ, ನೋಡಣ.”

ದೊಡ್ಡಬೀರಯ್ಯ ತಲೆ ಕೆರೆದುಕೊಂಡ. “ಕರೆಂಟಿಗೆ ಸಾಸ್ತ್ರ ಇಲ್ವಲ್ಲಮ್ಮ.”

“ಇವತ್ತಿಂದ ಆಯ್ತು ಬುಡಣ್ಣ,” ಎಂದ ನಿಂಗಯ್ಯ.

ಮೂಲೆಯಲ್ಲಿ ಯಾರೋ ಹೆಂಗಸು ಅಳುತ್ತಲೇ ನಕ್ಕುಬಿಟ್ಟಳು. ಚಟ್ಟ ಏಳುವಾಗ ಪೆಟ್ಟಿಗೆಯ ದೀಪಗಳು ಉರಿಯುತ್ತಲೇ ಇದ್ದವು.

ಹುಚ್ಚೀರಯ್ಯನನ್ನು ಮಣ್ಣು ಮಾಡಿ, ಕೈಕಾಲು ತೊಳೆದು ಬಂದವರು ಒಬ್ಬೊಬ್ಬರಾಗಿ ದೀಪ ನೋಡಲು ಗಾಜಿನ ಮುಂದೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಇಣುಕಿ ಹೋಗಬೇಕಾದ ಜಾಗದಲ್ಲಿ ಜನ ಬೇರು ಬಿಟ್ಟರು. ಸಾಲು ಬಾಗಿಲು ದಾಟಿ, ಬೀದಿ ದಾಟಿ, ಇನ್ನೊಂಚೂರು ಬೆಳೆದಿದ್ದರೆ ಕಾವೇರಿಗೆ ಬೀಳುತ್ತಿತ್ತು. “ಎದ್ದೇಳ್ಲಾ, ನಾವೂ ನೋಡ್ಬೇಕು!” “ತಡೀಲಾ, ಆ ಕೊಕ್ರೆ ಇನ್ನೂ ಮರಿಗೆ ಉಣ್ಣಿಸ್ತಾ ಅದೆ!”

ಕೊನೆಗೆ ದೊಡ್ಡಬೀರಯ್ಯ ಬಗ್ಗಿದ.

ಕೆಳಗಿನ ಬೆಳಕಿನಲ್ಲಿ ಬೆಳ್ಳೂರಿಗೆ ಆಗಷ್ಟೇ ಬೆಳಗಾದಂತಿತ್ತು. ಹುಣಸೆಮರದ ತುಂಬ ಗೂಡು, ಗೂಡಿನಲ್ಲಿ ಹಳದಿ ಕೊಕ್ಕಿನ ತಾಯಂದಿರು. ಮರದ ಬುಡದಲ್ಲಿ ಅವನದೇ ಮನೆ. ಹೋದ ಮಳೆಗಾಲ ಒಡೆದ ಮೂರು ಹೆಂಚು ಕೂಡ ಹಾಗೆಯೇ. ಕರೆಂಟು ಕಂಬಗಳು ಮರದ ಹತ್ತಿರವೆಲ್ಲೂ ಇರಲಿಲ್ಲ. ಆ ತುದಿಯಲ್ಲಿ, ಕೆರೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದವು.

ಅವನು ಗಾಜಿನ ಮೇಲೆ ಕೈಯಿಟ್ಟು ಮರದಿಂದ ಕಂಬಕ್ಕೆ ಅಳೆದ. ಒಂದು ಗೇಣು. ಎರಡು. ಮೂರು.

“ನೂರೆಂಟಡಿ, ಬಾವ,” ಎಂದಳು ಚಿಕ್ಕನಂಜಮ್ಮ ಹಿಂದಿನಿಂದ. “ಅಡಿಗೆ ಕಾಲಿಂಚು.”

ಅವನು ಪೆಟ್ಟಿಗೆಯ ಬಾಗಿಲು ತೆರೆದು, ತನ್ನ ಮನೆಯ ಜಗಲಿಯ ಸೂರಿನಡಿ ಎಳ್ಳುಕಾಳಿನಷ್ಟಿದ್ದ ಹಳದಿ ಬಲ್ಬನ್ನು ಮೆಲ್ಲಗೆ ಮುಟ್ಟಿದ.

“ಇನ್ನೂ ಒಣಗಿಲ್ಲ!” ಎಂದು ಕೂಗಿದಳು ಚಿಕ್ಕನಂಜಮ್ಮ.

ಬೆರಳ ತುದಿಗೆ ಹಳದಿ ಚುಕ್ಕೆಯೊಂದು ಬಂದಿತ್ತು. ದೊಡ್ಡಬೀರಯ್ಯ ಬಾಗಿಲು ಮುಚ್ಚಿದ. ಪಂಚೆಗೆ ಒರೆಸಿಕೊಳ್ಳಲು ಹೋದ ಕೈಯನ್ನು ಅರ್ಧದಲ್ಲೇ ತಡೆದ. ಆಮೇಲೆ ಪೆಟ್ಟಿಗೆಯ ಪಕ್ಕದಲ್ಲಿ, ತಮ್ಮ ಒರಗಿದ್ದ ಕಡೆಯೇ ಕೂತು, ತಗಡಿನ ಕೊಳವೆಯಿಂದ ಏಳುತ್ತಿದ್ದ ಬೆಚ್ಚನೆಯ ಗಾಳಿಗೆ ಆ ಬೆರಳನ್ನು ಹಿಡಿದ, ಒಣಗುವವರೆಗೆ.